ಪಾರವ್ವನ ಪೇಟಿ

ನಾನೊಂದು ಹಾರ್ಮೋನಿಯಂ. ನಮ್ಮ ಕಡೆ ನನ್ನನ್ನು ಪೇಟಿ ಅನ್ನುತ್ತಾರೆ. ಹುಬ್ಬಳ್ಳಿಯ ಸಣ್ಣ ಓಣಿಯೊಂದರಲ್ಲಿ ಮೌನೇಶಪ್ಪ ಬಡಿಗೇರ ಎಂಬವರು ಸಾಗುವಾನಿ ಹಲಗೆ ಕೊಯ್ದು ನನ್ನ ಮೈ ಮಾಡಿದರು. ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಉಜ್ಜಿ, ಕಿವಿಗೆ ಹಿಡಿದು, ಮತ್ತೆ ಉಜ್ಜಿ ಕೂರಿಸಿದರು. ಮೊದಲ ಬಾರಿ ಗಾಳಿ ತುಂಬುವ ತಿದಿ ಒತ್ತಿದಾಗ ನಾನು ಅತ್ತೆನೋ ಹಾಡಿದೆನೋ ನನಗೇ ತಿಳಿಯಲಿಲ್ಲ.

ನನ್ನನ್ನು ಕೊಂಡವರು ನಾಟಕ ಕಂಪನಿಯ ಪೇಟಿ ಮಾಸ್ತರರಾದ ಚನಬಸಪ್ಪ. ಅವರೊಡನೆ ಊರೂರು ತಿರುಗಿದೆ. ರಾಜನ ಸಿಟ್ಟಿಗೂ ರಾಣಿಯ ಗೋಳಿಗೂ ಸ್ವರ ಕೊಟ್ಟೆ. ಕಂಪನಿ ಮುಚ್ಚಿದ ಮೇಲೆ ಮಾಸ್ತರರು ತಮ್ಮೂರಿಗೆ ಮರಳಿದರು. ಶಾಲೆಯ ಪಕ್ಕದಲ್ಲೇ ಅವರ ಮನೆ. ಆ ಶಾಲೆಯಲ್ಲಿ ಬಿಸಿಯೂಟ ಮಾಡುವ ಪಾರವ್ವ ಅಕ್ಕಿ ಆರಿಸುತ್ತ ಬೀಸುವ ಪದ ಹಾಡುತ್ತಿದ್ದಳು. ಒಂದು ದಿನ ಮಾಸ್ತರರು ಗೋಡೆಯಾಚೆಯಿಂದ ಕೂಗಿದರು:

"ಪಾರವ್ವಾ, ಚಲೋ ದನಿ ಐತಿ ನಿಂದು. ಬಾ, ಪೇಟಿ ಹಿಡಿ."

"ಒಗ್ಗರಣಿ ಹಾಕೋ ಕೈರೀ ಇದು, ಮಾಸ್ತರ."

"ಯಾರು ಬ್ಯಾಡಂದ್ರು? ಒಗ್ಗರಣಿ ಹಾಕಿನ ಬಾ."

ಬಂದಳು. ಮೊದಲ ತಿಂಗಳು ಬೆರಳಿಂದ ಒತ್ತುವ ನನ್ನ ಪಟ್ಟಿಗಳನ್ನು ರೊಟ್ಟಿ ಬಡಿದಂತೆ ಬಡಿದಳು. ಆರು ವರ್ಷ ಕಲಿತಳು. ಮಾಸ್ತರರು ತೀರಿಕೊಳ್ಳುವ ಮುಂಚೆ ನನ್ನನ್ನು ಅವಳ ಮುಂದೆ ಸರಿಸಿ, "ಇದು ಇನ್ನ ನಿಂದ" ಅಂದರು.

ನಲವತ್ತೆರಡನೆಯ ವಯಸ್ಸಿಗೆ ಪಾರವ್ವನ ಮೊದಲ ಆಲ್ಬಂ. ಎಂಟು ಹಾಡು, ಎಲ್ಲವೂ ತಾಯಿ ಹನಮವ್ವ ಬೀಸುಕಲ್ಲಿನ ಮುಂದೆ ಹಾಡಿದ್ದವು. ಸ್ಟುಡಿಯೋ ನಡೆಸುವ ಸಮೀರ ನನ್ನನ್ನು ನೋಡಿ ಮುಖ ಕಿವುಚಿದ.

"ಅಕ್ಕಾ, ಇದು ಉಸಿರು ಬಿಡೋದು ಮೈಕಿನ್ಯಾಗ ಕೇಳಸ್ತೈತಿ. ಕೀಬೋರ್ಡ್ ಹಾಕೋಣ್ರಿ."

ಹಾಕಿದರು. ಪಾರವ್ವ ಮೂರು ಸಲ ಹಾಡಲು ನೋಡಿದಳು, ಮೂರು ಸಲವೂ ಅರ್ಧಕ್ಕೇ ಬಿಟ್ಟಳು.

"ತಮ್ಮಾ, ಅದು ಉಸಿರು ಬಿಟ್ರ ನನಗೂ ಉಸಿರು ಬರತೈತಿ. ನಮ್ಮ ಪೇಟಿನ ಇರಲಿ."

ಏಳು ಹಾಡು ಸಲೀಸಾಗಿ ಆದವು. ಕೊನೆಯದು ಮಗಳನ್ನು ಗಂಡನ ಮನೆಗೆ ಕಳಿಸುವ ಪದ. ನಡುವೆ ನನ್ನೊಳಗೆ ಪಟ್ಟೆಂದು ಪಂಚಮದ ರೀಡು ಮುರಿಯಿತು. ನನ್ನ ಜೀವ ಬಾಯಿಗೆ ಬಂತು. ಪಾರವ್ವ ನಿಲ್ಲಲಿಲ್ಲ. ಪಟ್ಟಿಯಿಂದ ಕೈ ತೆಗೆದು ನನ್ನ ಮೈ ಮೇಲಿಟ್ಟಳು. ಕಣ್ಣು ಮುಚ್ಚಿ, ಪದದ ಉಳಿದೆರಡು ಚರಣಗಳನ್ನು ಬರಿ ದನಿಯಲ್ಲೇ ಹಾಡಿ ಮುಗಿಸಿದಳು.

"ಇನ್ನೊಮ್ಮೆ ಹಾಡಲೇನಪಾ?"

ಸಮೀರ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. "ಬ್ಯಾಡ್ರೀ ಅಕ್ಕಾ. ಇದ ಇರಲಿ."

ಆಲ್ಬಂ ಬಿಡುಗಡೆಯಾದದ್ದು ಶಾಲೆಯ ಅಂಗಳದಲ್ಲಿ. ಕಿವಿ ಮಂದವಾಗಿದ್ದ ಹನಮವ್ವ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಎಂಟೂ ಹಾಡು ಕೇಳಿದಳು. ಆಮೇಲೆ ಮಗಳನ್ನು ನೋಡಿ, "ನಾ ಹಾಡತಿದ್ದದ್ದು ಇಷ್ಟು ಚಂದಿತ್ತೇನ?" ಅಂದಳು. ಪಾರವ್ವ ಅಷ್ಟು ಜನರ ಎದುರಿಗೇ ತಾಯಿಯ ಹೆಗಲಿಗೆ ತಲೆಯಿಟ್ಟಳು.

ಮುರಿದ ನನ್ನ ರೀಡಿಗೆ ಜೋಡಿ ಸಿಗಲಿಲ್ಲ. ಈಗ ಪಾರವ್ವ ಕಾರ್ಯಕ್ರಮಗಳಿಗೆ ಹೊಸ ಪೇಟಿ ಒಯ್ಯುತ್ತಾಳೆ. ನಾನು ಅವಳ ಮನೆಯ ಮೂಲೆಯಲ್ಲಿ ಹಳೆ ಸೀರೆಯ ಮುಸುಕು ಹೊದ್ದು ಕೂತಿದ್ದೇನೆ. ಮೊದಮೊದಲು ಬೇಜಾರಿತ್ತು. ಆದರೆ ಹಾದಿಯಲ್ಲಿ ಹೋಗುವ ಟ್ರ್ಯಾಕ್ಟರುಗಳಿಂದ ಆ ಎಂಟನೆಯ ಹಾಡು ಕೇಳಿಬರುತ್ತದೆ. ಜನ ಹೆಚ್ಚಾಗಿ ಹಾಕುವುದು ಅದನ್ನೇ. ಸ್ವರ ಕೊಡುವುದಷ್ಟೇ ನನ್ನ ಕೆಲಸವೆಂದು ತಿಳಿದಿದ್ದೆ. ಒಬ್ಬಳು ತನ್ನ ದನಿಯನ್ನೇ ನಂಬಿ ಹಾಡುವ ತನಕ ಜೊತೆಗಿರುವುದೂ ಕೆಲಸವೇ ಎಂದು ಈಗ ಅನಿಸುತ್ತದೆ. ಅದಷ್ಟನ್ನು ನಾನು ಮಾಡಿದ್ದೇನೆ.