ತೊಟ್ಟಿಲ ಸೀರೆಯೂ ಉಸಿರುಕಟ್ಟಿದ ಕಾರೂ

ಒಂದೂರಲ್ಲಿ ಒಂದು ಬಣ್ಣದ ಮನೆ ಇತ್ತಂತೆ. ನೂಲಿಗೆ ಬಣ್ಣ ಹಾಕಿ ಹಾಕಿ ಆ ಮನೆಯವರ ಮೂಗಿಗೆ ಮಲ್ಲಿಗೆಯೂ ಒಂದೇ, ಕೊಳೆತ ತತ್ತಿಯೂ ಒಂದೇ ಆಗಿತ್ತಂತೆ. ಬಹಳ ಹಿಂದಿನ ಮಾತಲ್ಲ, ಹೋದ ಬೇಸಿಗೆಯದು. ಊರು ನಾರಾಯಣಪೇಟೆ.

ಆ ಮನೆಯ ಸುಗುಣಮ್ಮ ಗದ್ವಾಲದ ತಂಗಿ ಉರುಕುಂದಮ್ಮನಿಗೆ ಮಾತು ಕೊಟ್ಟಿದ್ದಳು: ಅವಳ ಮೊಮ್ಮಗನಿಗೆ ತಾನು ನೇಯ್ದ ಸೀರೆಯಲ್ಲೇ ತೊಟ್ಟಿಲು. ಅವರ ಮನೆತನದಲ್ಲಿ ಮಗ್ಗದ ಸೀರೆ ಕಟ್ಟುವ ತನಕ ಕೂಸು ಮಡಿಲಿನಿಂದ ಇಳಿಯುವುದಿಲ್ಲ. ಬೆನ್ನುನೋವಿನಲ್ಲೇ ಸೀರೆ ಮುಗಿಸಿದ್ದಳು. ಆವತ್ತು ದೀಪ ಹಚ್ಚುವುದರೊಳಗೆ ಅದನ್ನು ಮುಟ್ಟಿಸುವುದಾಗಿಯೂ ಹೇಳಿದ್ದಳು.

ಗಂಡ ಆಶಪ್ಪನ ಹಳೆಯ ಕಾರು ಉಟ್ಕೂರ್ ದಾಟುವಾಗಲೇ ಏದುಸಿರು ಬಿಡತೊಡಗಿತು. ಎಷ್ಟು ಒತ್ತಿದರೂ ಸದ್ದೇ ಹೊರತು ಓಟವಿಲ್ಲ. ತುಂಬಿದ ಆಟೋವೊಂದು ಹಿಂದೆ ಹಾಕಿ ಹೋಯಿತು.

"ಎಮ್ಮಿನೂ ನಮ್ಮನ್ನ ದಾಟಿ ಹೊಂಟೈತಿ ನೋಡ್ರಿ," ಎಂದಳು ಪಕ್ಕದಲ್ಲಿ ಕೂತ ಸುಗುಣಮ್ಮ.

"ಬಿಸಿಲಿಗೆ ಹಂಗ ಮಾಡ್ತೈತಿ, ಸುಮ್ನಿರು."

ಮಕ್ತಲ ಮುಟ್ಟುವಷ್ಟರಲ್ಲಿ ಇಂಜಿನ್ ಕುದಿಯುತ್ತಿತ್ತು. ಅಲ್ಲಿನ ಮೆಕ್ಯಾನಿಕ್ ನರೇಂದ್ರ ಹೊಗೆಕೊಳವೆಯ ಬಾಯಿಗೆ ಕೈ ಹಿಡಿದ. ಗಾಳಿ ಬರುತ್ತಿದ್ದುದು ಇಷ್ಟೇ ಇಷ್ಟು. ಕೆಳಗೆ ತೂರಿ ಡಬ್ಬಿಯೊಂದನ್ನು ಸ್ಪ್ಯಾನರಿನಿಂದ ತಟ್ಟಿದ. ಒಳಗೆ ಚೂರುಗಳು ಗಲಗಲ ಎಂದವು.

"ಹೊಗಿ ತೊಳಿಯೋ ಡಬ್ಬಿರಿ ಇದು, ಕ್ಯಾಟಲಿಟಿಕ್ ಕನ್ವರ್ಟರ್. ಒಳಗ ಜೇನುಗೂಡಿನಂಗ ಇರ್ತೈತಿ. ಪ್ಲಗ್ ಕೆಟ್ಟು ಹಸಿ ಪೆಟ್ರೋಲ್ ಬಂದು ಇದರಾಗ ಉರಿದೈತಿ, ಗೂಡು ಕರಗಿ ಮುಚ್ಕೊಂಡೈತಿ. ಹೊಗಿ ಹೊರಗ ಹೋಗಾಕ ದಾರಿಯಿಲ್ಲ, ಇಂಜಿನ್ ಉಸಿರು ಹೆಂಗ ತಗೋಬೇಕು? ಕೊಳೆತ ತತ್ತಿ ವಾಸನಿ ಬಂದಿರಬೇಕಲ್ಲಕ್ಕಾ?"

ಬಂದಿತ್ತು. ಎಷ್ಟೋ ದಿನದಿಂದ. ಬಣ್ಣದ ಹಂಡೆಗೆ ಹಾಕುವ ಪುಡಿಯೂ ಹೆಚ್ಚುಕಡಿಮೆ ಹಾಗೇ ನಾರುವುದರಿಂದ, ಅವರು ಆಶಪ್ಪನ ಅಂಗಿಯ ಮೇಲೆ ಅನುಮಾನಪಟ್ಟಿದ್ದರು.

"ನಿಮ್ಮ ಅಂಗಿ ಒಗದೂ ಒಗದೂ ನನ್ನ ರಟ್ಟಿ ಬಿದ್ದು ಹೋದ್ವು," ಎಂದಳು ಸುಗುಣಮ್ಮ. ಬೈಯುವಷ್ಟೂ ತ್ರಾಣವಿರಲಿಲ್ಲ.

"ಮೆಲ್ಲಕ ಹೋದ್ರ ಗದ್ವಾಲ ಮುಟ್ಟತೈತೇನಪಾ?" ಆಶಪ್ಪ ಕೇಳಿದ.

"ನೀವು ಮುಟ್ಟಬಹುದ್ರಿ, ಇಂಜಿನ್ ಮುಟ್ಟಂಗಿಲ್ಲ. ಈ ಕಾವಿಗೆ ಅದರ ಮ್ಯಾಲಿನ ಮುಚ್ಚಳ ಸೊಟ್ಟಾತಂದ್ರ ಗಾಡಿ ಗುಜರಿಗೇ."

ಆಶಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು, ಸುಟ್ಟು, ತೆಗೆದ. "ಒಂದೀಟು ಆರಲಿ, ಹೋಗೂಣು."

ನೆರಳು ಉದ್ದವಾಗಿತ್ತು. ಸುಗುಣಮ್ಮ ಸೀರೆಯ ಗಂಟನ್ನು ಕಂಕುಳಿಗೆ ಏರಿಸಿದಳು. "ಅದು ಆರೋತನ ಕೂಸು ಮಡಿಲಾಗ ಇರಬೇಕೇನ್ರಿ? ನೀವಿಲ್ಲೇ ಇರ್ರಿ. ನಾ ಬಸ್ಸಿಗೆ ಹೊಂಟೆ."

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಜುರಾಲಾ ಅಣೆಕಟ್ಟಿನ ನೀರಿನ ಮೇಲೆ ಹೊತ್ತು ಮುಳುಗುವುದನ್ನು ಒಂಟಿಗಾಲಿನ ಮೇಲೆ ನಿಂತು ನೋಡಿದಳು. ಮಾತು ತಪ್ಪಿತು ಎಂದುಕೊಂಡಳು.

ಗದ್ವಾಲದ ಬೀದಿಯಲ್ಲೆಲ್ಲ ದೀಪಗಳಿದ್ದವು. ತಂಗಿಯ ಮನೆಯೊಂದೇ ಕತ್ತಲು. ಹೊಸ್ತಿಲಲ್ಲಿ ಉರುಕುಂದಮ್ಮ ಕಡ್ಡಿಪೆಟ್ಟಿಗೆ ಹಿಡಿದು ಕೂತಿದ್ದಳು.

"ಯಾಕ ಹಚ್ಚಿಲ್ಲೇ?"

"ಹಚ್ಚಿದ್ರ ನಿನ್ನ ಮಾತು ಸುಳ್ಳಾಗ್ತಿತ್ತಲ್ಲಕ್ಕಾ. ಒಳಗ ಬಾ, ಸೊಸಿ ತೊಡಿ ಜೋಮು ಹಿಡದೈತಿ."

ಸುಗುಣಮ್ಮ ಕತ್ತಲಲ್ಲೇ ತೊಲೆಗೆ ಸೀರೆ ಬಿಗಿದಳು, ಜಗ್ಗಿ ನೋಡಿದಳು, ಕೂಸನ್ನು ಮಲಗಿಸಿ ಒಮ್ಮೆ ತೂಗಿದಳು. ಆಮೇಲೆ ಉರುಕುಂದಮ್ಮ ಕಡ್ಡಿ ಗೀರಿದಳು.