ಮರದ ದೋಣಿಯ ಬಣ್ಣ ಅಲ್ಯೂಮಿನಿಯಂ ದೋಣಿಗೆ ಬೇಡ

ಅವಸರದಣ್ಣನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಗಾದರೆ ಶಾಲೆ ಶುರು. ಊರಿನ ಮಕ್ಕಳನ್ನು ಕಡಲ ಹಿನ್ನೀರಿನ ಆಚೆ ದಡಕ್ಕೆ ದಾಟಿಸುವವನು ಅವನೇ. ಹೊಸ ಅಲ್ಯೂಮಿನಿಯಂ ದೋಣಿಯನ್ನು ಬೋರಲು ಹಾಕಿ, ಅಪ್ಪನ ಮರದ ದೋಣಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣವನ್ನು ಒಂದು ಮಗ್ಗುಲಿಗೆ ಬಳಿದೂ ಆಗಿತ್ತು.

ಅಷ್ಟರಲ್ಲಿ ಅವನ ಅಕ್ಕ ಬಂದಳು. ದೋಣಿ ರಿಪೇರಿ ಶೆಡ್ಡಿನಲ್ಲಿ ಬಣ್ಣದ ಕೆಲಸ ಅವಳದು.

"ಏ, ಬ್ರಷ್ ಕೆಳಗಿಡೋ! ಅದ್ಯಾವ ಡಬ್ಬಿ?"

"ಅಪ್ಪನದೇ ಅಕ್ಕ. ಅಪ್ಪನ ದೋಣಿಗೆ ಪಾಚಿ, ಚಿಪ್ಪು ಅಂಟಿದ್ದು ಯಾವತ್ತಾದ್ರೂ ನೋಡಿದ್ದೀಯಾ?"

"ಅದ್ರಲ್ಲಿ ತಾಮ್ರ ಇದೆ, ಅದಕ್ಕೇ ಅಂಟಲ್ಲ. ಮರಕ್ಕೆ ಒಳ್ಳೇದು. ಆದ್ರೆ ಉಪ್ಪುನೀರಲ್ಲಿ ತಾಮ್ರ ತಾಗಿದ್ರೆ ಅಲ್ಯೂಮಿನಿಯಂನ ತಿಂದುಹಾಕುತ್ತೆ."

"ಬಣ್ಣ ದೋಣಿ ತಿನ್ನುತ್ತಂತೆ! ನಿಮ್ಮ ಶೆಡ್ಡಿಗೆ ಗಿರಾಕಿ ಬೇಕು, ಅದಕ್ಕೇ ಕಥೆ ಕಟ್ತಿದ್ದೀಯ."

ಅಕ್ಕ ಅವನ ಕೈ ಹಿಡಿದು ಶೆಡ್ಡಿಗೆ ಎಳೆದುಕೊಂಡು ಹೋದಳು. ಅಲ್ಲಿ ಯಾರದೋ ಅಲ್ಯೂಮಿನಿಯಂ ದೋಣಿ ಬೋರಲು ಮಲಗಿತ್ತು. ಅದಕ್ಕೂ ಹಚ್ಚಿದ್ದ ಇಂಥದೇ ತಾಮ್ರದ ಬಣ್ಣ ಮೇಲುನೋಟಕ್ಕೆ ಚೆನ್ನಾಗೇ ಇತ್ತು. ಉಬ್ಬಿದ್ದ ಕಡೆ ಅಕ್ಕ ಕೆರೆದಳು. ಒಳಗೆ ಬಿಳಿ ಪುಡಿ. ಪುಡಿ ಉದುರಿದರೆ ತೂತು. ಅವನ ಕಿರುಬೆರಳಿನ ಉಗುರು ಸಲೀಸಾಗಿ ಒಳಗೆ ಹೋಯಿತು.

ನಾಳೆ ಹೊಸ ದೋಣಿಯ ಮುಂದಿನ ಹಲಗೆಯ ಮೇಲೆ ಕೂರಬೇಕಾದವಳು ಅವನ ಮಗಳೇ. ಅವನು ಬೆರಳು ಹಿಂದಕ್ಕೆಳೆದುಕೊಂಡ.

"ಅಕ್ಕ, ಈಗೇನು ಮಾಡ್ಲಿ?"

"ಹಚ್ಚಿದ್ದನ್ನ ಪೂರ್ತಿ ತೆಗಿ. ಮಾಸ್ಕ್, ಗ್ಲೌಸ್ ಹಾಕ್ಕೋ. ಧೂಳು ಏಳದ ಹಾಗೆ ಒದ್ದೆ ಮಾಡಿ ಉಜ್ಜು. ಕೆಳಗೆ ಟಾರ್ಪಾಲು ಹಾಸು, ಆ ಕಸ ನೀರಿಗೆ ಬೀಳಬಾರದು. ಆಮೇಲೆ ಉಪ್ಪು, ಜಿಡ್ಡು ಹೋಗೋ ಹಾಗೆ ಸಿಹಿನೀರಲ್ಲಿ ತೊಳೆದು ಒಣಗಿಸು. ಮೊದಲು ಅಲ್ಯೂಮಿನಿಯಂ ಪ್ರೈಮರ್, ಅದರ ಮೇಲೆ ಅಲ್ಯೂಮಿನಿಯಂ ದೋಣಿಗೇ ಅಂತ ಬರೋ, ತಾಮ್ರ ಇಲ್ಲದ ಬಣ್ಣ. ಪ್ರತಿ ಕೋಟು ಒಣಗೋಕೆ ಡಬ್ಬಿ ಮೇಲೆ ಎಷ್ಟು ಹೊತ್ತು ಬರೆದಿದೆಯೋ ಅಷ್ಟು ಹೊತ್ತು ಕಾಯಿ."

"ನಾಳೆ ಮಕ್ಕಳು ಕಾಯ್ತಾರಲ್ಲ!"

"ಕಾಯಲಿ ಬಿಡು. ದಡದಲ್ಲಿ ತಾನೇ ಕಾಯೋದು?"

ಆ ಸಂಜೆ ಅವನು ಮನೆಮನೆಗೂ ಹೋಗಿ, ದೋಣಿ ಕೆಲವು ದಿನ ತಡ ಎಂದು ಹೇಳಿ ಬಂದ. ಒಬ್ಬಿಬ್ಬರು ಗೊಣಗಿದರು, ಕಾರಣ ಕೇಳಿ ಸುಮ್ಮನಾದರು. ದೋಣಿ ನೀರಿಗಿಳಿದ ದಿನ ಅವನು ಸಿಕ್ಕಸಿಕ್ಕವರಿಗೆಲ್ಲ ಪ್ರೈಮರಿನ ಪಾಠ ಹೇಳುತ್ತಿದ್ದ, ತಾನೇ ಕಂಡುಹಿಡಿದವನ ಹಾಗೆ. ಅಕ್ಕ ಕೇಳಿಸಿಕೊಂಡು ನಕ್ಕಳು.

ದೋಣಿ ಇರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ಮರದ್ದೋ, ಫೈಬರಿನದೋ, ಅಲ್ಯೂಮಿನಿಯಮ್ಮಿನದೋ? ಅಂಗಡಿಯಲ್ಲಿ ಮೊದಲು ಅದನ್ನು ಹೇಳಿ, ಆಮೇಲೆ ಬಣ್ಣ ಕೇಳಿ. ಡಬ್ಬಿಯ ಮೇಲಿನ ಸೂಚನೆ ಅರ್ಥವಾಗದಿದ್ದರೆ ಗೊತ್ತಿದ್ದವರಿಂದ ಓದಿಸಿಕೊಳ್ಳಿ, ನಾಚಿಕೆ ಬೇಡ. ನಿಮ್ಮ ದೋಣಿಯಲ್ಲೂ ಯಾರದೋ ಮಕ್ಕಳು ಕೂರುತ್ತಾರೆ.