ಕೇಳಿಸದ ಗುಂಡು

ಕುಕ್ಕರ್ ಐದು ಸಲ ಕೂಗಿದರೂ ಚನ್ನವೀರಯ್ಯ ಪೇಪರಿನಿಂದ ತಲೆ ಎತ್ತಲಿಲ್ಲ. ಹಿತ್ತಲಿನಿಂದ ಓಡಿ ಬಂದ ಕರಿಬಸಮ್ಮ ಒಲೆ ಆರಿಸಿ ಗಂಡನ ಎದುರು ಬಂದು ನಿಂತರು.

"ಪಕ್ಕದಲ್ಲೇ ಕೂತಿದೀರಿ. ಬೇಳೆ ಎಲ್ಲ ಸೀದೋಯ್ತು. ಡಾಕ್ಟ್ರಿಗೆ ತೋರ್ಸಿ ಅಂತ ಎಷ್ಟು ದಿನದಿಂದ ಬಡ್ಕೊಳ್ಳೋದು ರೀ?"

"ಓದ್ತಾ ಇದ್ದೆ, ಗಮನ ಇರ್ಲಿಲ್ಲ" ಎಂದು ಚನ್ನವೀರಯ್ಯ ಚೀಲ ಹೆಗಲಿಗೇರಿಸಿ ಗುಬ್ಬಿ ಬಸ್‌ಸ್ಟ್ಯಾಂಡಿನ ಕಡೆ ಹೊರಟುಬಿಟ್ಟರು. ಗಮನದ ಮಾತು ಸುಳ್ಳೆಂದು ಅವರಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಪೊಲೀಸ್ ಇಲಾಖೆಯ ಶಸ್ತ್ರಾಗಾರದಲ್ಲಿ ಇಪ್ಪತ್ತೊಂಬತ್ತು ವರ್ಷ ಬಂದೂಕು ಬಿಚ್ಚಿ, ಜೋಡಿಸಿ, ಹಾರಿಸಿ ನೋಡಿದ ಕಿವಿ ಅದು. ಆ ಕಾಲದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡರೆ ಅದೇ ಹೆಚ್ಚು. ಒಂದು ವರ್ಷದಿಂದ ಎಡಗಿವಿ ಪೂರ್ತಿ ಮುಚ್ಚಿದಂತಾಗಿತ್ತು. ಬಲಗಿವಿಯೂ ಅದೇ ದಾರಿ ಹಿಡಿದಿತ್ತು.

ನಿವೃತ್ತಿಯಾದ ಮೇಲೆ ಅವರು ತುಮಕೂರಿನ ಹೊರಗೆ ಕುಣಿಗಲ್ ರಸ್ತೆಯಲ್ಲಿದ್ದ ಒಂದು ರೈಫಲ್ ಕ್ಲಬ್ಬಿನಲ್ಲಿ ರೇಂಜ್ ಆಫೀಸರ್ ಆಗಿದ್ದರು. ಗುರಿಕಾರರ ಹಿಂದೆ ನಿಂತು ಶುರು ಮಾಡಿ, ನಿಲ್ಲಿಸಿ ಎಂದು ಹೇಳುವ ಕೆಲಸ. ಅವರ ಬಾಯಿಂದ ಮಾತು ಬರುವ ತನಕ ಅಲ್ಲಿ ಯಾರೂ ಪಿಸ್ತೂಲು ಮುಟ್ಟುವಂತಿರಲಿಲ್ಲ. ಕಿವಿಯ ಸಂಗತಿ ತಿಳಿದರೆ ಆ ಜಾಗ ಹೋಗುತ್ತದೆ. ಹಾಗಾಗಿ ಜನರ ತುಟಿ ನೋಡಿ ಮಾತು ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದರು.

ಆದರೆ ಎರಡು ವಾರದಿಂದ ಅದು ಸಾಲುತ್ತಿರಲಿಲ್ಲ. ಕ್ಲಬ್ಬಿಗೆ ಯಾವಾಗಲೂ ಬರುತ್ತಿದ್ದ ವಿದೇಶಿ ತೋಟಾಗಳ, ಅಂದರೆ ರೌಂಡುಗಳ, ಸರಬರಾಜು ನಿಂತಿತ್ತು. ಕಾರ್ಯದರ್ಶಿ ಗುರುಪ್ರಕಾಶ್ ಎಲ್ಲೋ ವಿಚಾರಿಸಿ, ಪ್ರಾಕ್ಟೀಸಿಗೆಂದು ಕಡಿಮೆ ಬೆಲೆಯ ಪಾಯಿಂಟ್ ಟೂ ಟೂ ರೌಂಡುಗಳನ್ನು ತರಿಸಿದ್ದರು. ಪೆಟ್ಟಿಗೆಗಳನ್ನು ನೋಡಿ "ನಡೀತದೆ" ಎಂದು ರಿಜಿಸ್ಟರಿಗೆ ಸಹಿ ಹಾಕಿದ್ದವರು ಚನ್ನವೀರಯ್ಯನವರೇ.

ನಡೆಯಲಿಲ್ಲ. ಐವತ್ತು ರೌಂಡು ಹಾರಿಸಿದರೆ ಮೂರೋ ನಾಲ್ಕೋ ಕೈಕೊಡುತ್ತಿದ್ದವು. ಕೆಲವು ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಕೆಲವು ಹೊತ್ತಿಕೊಂಡರೂ ಅವುಗಳ ಮದ್ದಿಗೆ ಶಕ್ತಿ ಸಾಲುತ್ತಿರಲಿಲ್ಲ. ಈ ಪಿಸ್ತೂಲುಗಳಲ್ಲಿ ಒಂದು ಗುಂಡು ಹಾರಿದ ರಭಸಕ್ಕೇ ಮೇಲಿನ ಸ್ಲೈಡು ಹಿಂದೆ ಸರಿದು, ಸುಟ್ಟ ರೌಂಡಿನ ಖಾಲಿ ಕೇಸನ್ನು ಆಚೆ ಎಸೆದು, ಮುಂದಿನ ರೌಂಡನ್ನು ಒಳಗೆ ತಳ್ಳಬೇಕು. ರಭಸ ಕಡಿಮೆಯಾದರೆ ಎಲ್ಲ ಅಲ್ಲಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಕೈಯಿಂದಲೇ ಸ್ಲೈಡು ಎಳೆದು ಖಾಲಿ ಕೇಸು ಬೀಳಿಸಿ ಮುಂದಕ್ಕೆ ಹೋಗಬೇಕು. ಮೊದಮೊದಲು ಪ್ರತಿ ಸಲ ನಿಲ್ಲಿಸಿ ನೋಡುತ್ತಿದ್ದರು. ದಿನಕ್ಕೆ ಹತ್ತು ಹದಿನೈದು ಸಲ ಆಗತೊಡಗಿದ ಮೇಲೆ ಯಾರೂ ನಿಲ್ಲಿಸಲಿಲ್ಲ. ಕೈಗಳೇ ಕಲಿತುಬಿಟ್ಟವು.

ಎಲ್ಲರಿಗಿಂತ ಚೆನ್ನಾಗಿ ಕಲಿತದ್ದು ಸಿಂಚನಾಳ ಕೈ. ಕೊತ್ತಗೆರೆಯ ಹುಡುಗಿ. ಕುಣಿಗಲ್ಲಿನ ಒಂದು ಶಾಲೆಯಲ್ಲಿ ವ್ಯಾಯಾಮದ ಟೀಚರ್. ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆಗೆ ಹನ್ನೆರಡು ದಿನ ಉಳಿದಿತ್ತು. ಅವಳ ಸ್ಪರ್ಧೆಯಲ್ಲಿ ಹಸಿರು ದೀಪ ಮೂರು ಸೆಕೆಂಡು ಹೊತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಕೈಯೆತ್ತಿ ಒಂದು ಗುಂಡು ಹಾರಿಸಬೇಕು. ಮತ್ತೆ ಏಳು ಸೆಕೆಂಡು ಕೆಂಪು ದೀಪ. ಆಗ ಕೈ ಕೆಳಗಿರಬೇಕು. ಹೀಗೆ ಐದು ಸಲ. ರೌಂಡು ಸಿಕ್ಕಿಕೊಂಡರೆ ಆ ಕೆಂಪು ದೀಪದ ಹೊತ್ತಿನಲ್ಲೇ ಸರಿಮಾಡಿಕೊಂಡು ಮುಂದಿನ ಹಸಿರಿಗೆ ಅವಳು ತಯಾರಾಗಿರುತ್ತಿದ್ದಳು. ನೋಡಿದವರು ಭೇಷ್ ಅನ್ನುತ್ತಿದ್ದರು. ಚನ್ನವೀರಯ್ಯ ಮಾತ್ರ ಅನ್ನುತ್ತಿರಲಿಲ್ಲ.

ಯಾಕೆಂದರೆ ಶಕ್ತಿ ತೀರಾ ಕಡಿಮೆಯಾದರೆ ಗುಂಡು ಆಚೆ ಬರುವುದೇ ಇಲ್ಲ. ನಳಿಗೆಯ ನಡುವೆ ಕೂತುಬಿಡುತ್ತದೆ. ಆಗಲೂ ಬೀಳುವುದು ಖಾಲಿ ಕೇಸೇ. ನೋಡುವುದಕ್ಕೆ ಎರಡೂ ಒಂದೇ ಥರ. ವ್ಯತ್ಯಾಸವಿರುವುದು ಸದ್ದಿನಲ್ಲಿ. ಢಂ ಅನ್ನಬೇಕಾದದ್ದು ಟುಸ್ ಅನ್ನುತ್ತದೆ. ಅದನ್ನು ಹಿಡಿಯಬೇಕಾದವನು ಹಿಂದೆ ನಿಂತ ರೇಂಜ್ ಆಫೀಸರ್. ಹಿಡಿಯದೆ ಹೋದರೆ ಮುಂದಿನ ಗುಂಡು ಹೋಗಿ ಆ ಗುಂಡಿಗೇ ಬಡಿಯುತ್ತದೆ. ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಆ ಗುರುವಾರ ಸಾಲಿನಲ್ಲಿ ಮೂವರಿದ್ದರು. ಸಿಂಚನಾ ನಡುವೆ ನಿಂತಿದ್ದಳು. ಎಲ್ಲರ ಕಿವಿಗೂ ಸದ್ದು ತಡೆಯುವ ಮಫ್ ಇತ್ತು. ಚನ್ನವೀರಯ್ಯ ತಮ್ಮದನ್ನು ಕತ್ತಿಗೆ ಇಳಿಸಿಕೊಂಡಿದ್ದರು. ಹಾಗೆ ಮಾಡಬಾರದು ಎಂದು ಬೇರೆಯವರಿಗೆ ಬೈಯುತ್ತಿದ್ದವರು ಅವರೇ.

ಹಸಿರು ಹತ್ತಿತು. ಮೂರೂ ಕೈ ಒಟ್ಟಿಗೆ ಮೇಲೆದ್ದವು. ಅವರಿಗೆ ಕೇಳಿಸಿದ್ದು ಗೋಡೆಯಾಚೆ ಯಾರೋ ಹಲಗೆ ಬೀಳಿಸಿದಂಥ ಒಂದೇ ಒಂದು ಗುದ್ದು. ಕೆಂಪು ಹತ್ತಿತು. ಸಿಂಚನಾಳ ಸ್ಲೈಡು ಹಿಂದೆ ಹೋಗಿರಲಿಲ್ಲ. ಅವಳ ಎಡಗೈ ತಾನಾಗಿಯೇ ಬಂದು ಎಳೆಯಿತು. ಖಾಲಿ ಕೇಸು ಹಾರಿ ಸಿಮೆಂಟಿನ ಮೇಲೆ ಉರುಳಿತು.

ಚನ್ನವೀರಯ್ಯ ಕೇಸನ್ನು ನೋಡಿದರು, ಅವಳ ಮಣಿಕಟ್ಟನ್ನು ನೋಡಿದರು. ಹಾರಿಸಿದಾಗ ಅದು ಕುಪ್ಪಳಿಸಿತ್ತೆ? ಇಲ್ಲ ಅನ್ನಿಸಿತು. ಆಗ ತಾವು ಮೂವರಲ್ಲಿ ಯಾರ ಕೈ ನೋಡುತ್ತಿದ್ದರೋ, ನೆನಪಾಗಲಿಲ್ಲ. ಸದ್ದು ಹೇಗಿತ್ತು? ಯಾರನ್ನು ಕೇಳುವುದು? ಎರಡು ಸೆಕೆಂಡು ಹೋಯಿತು. ಸುಮ್ಮನೆ ನಿಲ್ಲಿಸಿದರೆ ಅವಳ ಲಯ ಕೆಡುತ್ತದೆ, ಬೆಳಿಗ್ಗೆಯಿಂದ ಎರಡು ಸಲ ಸುಮ್ಮನೆ ನಿಲ್ಲಿಸಿಯೂ ಆಗಿತ್ತು. ಮತ್ತೊಂದು ಸೆಕೆಂಡು.

"ನಿಲ್ಸಿ!" ಅವರು ಗಂಟಲು ಹರಿಯುವಂತೆ ಕೂಗಿದರು. "ನಿಲ್ಸಿ, ನಿಲ್ಸಿ! ಯಾರೂ ಹಾರಿಸ್ಬೇಡಿ!"

ಹಸಿರು ಹತ್ತಿಯೇಬಿಟ್ಟಿತು. ಸಿಂಚನಾಳ ಕೈ ಅರ್ಧ ಎದ್ದು ನಿಂತಿತು. ಬೆರಳು ಟ್ರಿಗರಿನ ಮೇಲಿತ್ತು. ನಿಧಾನವಾಗಿ ಬೆರಳು ಸರಿಯಿತು, ಕೈ ಕೆಳಗಿಳಿಯಿತು.

ಮ್ಯಾಗಜಿನ್ ತೆಗೆಸಿ, ಒಳಗಿದ್ದ ರೌಂಡು ತೆಗೆಸಿ, ಚನ್ನವೀರಯ್ಯ ಪಿಸ್ತೂಲನ್ನು ಮೇಜಿಗೆ ತಂದರು. ಹಿತ್ತಾಳೆ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿದರು. ಅರ್ಧ ಬೆರಳಿನಷ್ಟು ಹೋಗಿ ಕಡ್ಡಿ ನಿಂತಿತು. ಒತ್ತಿದರೂ ಕದಲಲಿಲ್ಲ.

ಸಿಂಚನಾ ಆ ಕಡ್ಡಿಯನ್ನೇ ನೋಡುತ್ತಿದ್ದಳು. ಅವಳ ತುಟಿ ಬಿಳುಪಾಗಿತ್ತು. "ಪಕ್ಕದೋರ ಶಬ್ದದಲ್ಲಿ ನನಗೆ ಏನೂ ಗೊತ್ತಾಗ್ಲಿಲ್ಲ ಸರ್. ನಿಮಗೆ ಹೆಂಗೆ ಕೇಳಿಸ್ತು?"

ಅವರು ಕಡ್ಡಿಯನ್ನು ಹೊರಗೆಳೆದು ಒರೆಸತೊಡಗಿದರು.

ಅರ್ಧ ಗಂಟೆಯಲ್ಲಿ ಗುರುಪ್ರಕಾಶ್ ಓಡಿ ಬಂದರು. "ಏನ್ ಕಿವಿ ಚನ್ನವೀರಯ್ಯನೋರೇ ನಿಮ್ದು! ನಿಮ್ಮಂಥೋರು ಹಿಂದೆ ಇದ್ರೆ ಭಯ ಇಲ್ಲ ಬುಡಿ. ಇನ್ನು ಹನ್ನೆರಡು ದಿನ ತಾನೆ? ಸ್ವಲ್ಪ ಹುಷಾರಾಗಿ ಇದೇ ರೌಂಡು ಹೊಡೆಸೋಣ. ಬೇರೇದು ಬರೋಕೆ ತಿಂಗಳು ಆಗ್ತದೆ."

"ಆಗಲ್ಲ" ಎಂದರು ಚನ್ನವೀರಯ್ಯ. ಪೆಟ್ಟಿಗೆಗಳನ್ನು ಕಬ್ಬಿಣದ ಬೀರುವಿಗೆ ತುಂಬಿ ಬೀಗ ಹಾಕಿದರು.

"ಈ ಹುಡುಗಿ ಭವಿಷ್ಯ ನೋಡಿ ಸ್ವಾಮಿ! ನಿಮಗೆ ಕೇಳಿಸ್ತದಲ್ಲ, ಇನ್ನೇನು?"

"ನನಗೆ ಕೇಳಿಸ್ಲಿಲ್ಲ."

"ಏನು?"

"ಕೇಳಿಸ್ಲಿಲ್ಲ ಅಂದೆ. ಒಂದು ವರ್ಷ ಆಯ್ತು, ನನಗೆ ಸರಿಯಾಗಿ ಏನೂ ಕೇಳ್ಸಲ್ಲ. ಸುಮ್ನೆ ಅನುಮಾನ ಬಂತು, ಕೂಗ್ದೆ. ಕೂಗದೇನೂ ಇರಬಹುದಿತ್ತು. ಇನ್ನೊಂದು ಚೂರು ತಡ ಆಗಿದ್ರೆ..." ಸಿಂಚನಾಳ ಕಡೆ ತಿರುಗಿದರು. "ತಪ್ಪು ಮಾಡ್ದೆ ಕಣವ್ವ. ಈ ರೌಂಡು ಒಳಗೆ ಬಿಟ್ಟೋನೂ ನಾನೇ, ಕಿವಿ ಮಾತು ಮುಚ್ಚಿಟ್ಟೋನೂ ನಾನೇ."

ಅವಳು ಬ್ಯಾಗು ಎತ್ತಿಕೊಂಡು ಕುಣಿಗಲ್ ಬಸ್ಸಿಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಚನ್ನವೀರಯ್ಯ ಗುಬ್ಬಿಯ ತನಕ ಅಂದುಕೊಂಡರು.

ಸಾಲಿನ ಹಿಂದೆ ನಿಲ್ಲುವ ಕೆಲಸ ಅಪರ್ಣ ಎಂಬ ಹಿರಿಯ ಆಟಗಾರ್ತಿಗೆ ಹೋಯಿತು. ಚನ್ನವೀರಯ್ಯನವರಿಗೆ ಪಿಸ್ತೂಲು ರಿಪೇರಿಯ ಕೋಣೆ ಉಳಿಯಿತು. ಮೂರನೆಯ ದಿನ ಸಿಂಚನಾ ಅಲ್ಲಿಗೇ ಬಂದು ತನ್ನ ಪಿಸ್ತೂಲು ಮೇಜಿನ ಮೇಲಿಟ್ಟಳು. "ನಳಿಗೆ ಸರಿ ಇದ್ಯಾ ಅಂತ ನೀವೇ ನೋಡಿ ಹೇಳಿ ಸರ್. ಬೇರೆಯೋರು ಹೇಳಿದ್ರೆ ನನಗೆ ನಂಬಿಕೆ ಬರಲ್ಲ." ಅವರು ಬೆಳಕಿಗೆ ಹಿಡಿದು ನಾಲ್ಕು ಸಲ ನೋಡಿದರು. ಸರಿಯಿತ್ತು. ಹಳೆಯ ದಾಸ್ತಾನಿನ ಒಳ್ಳೆಯ ರೌಂಡುಗಳು ಸ್ಪರ್ಧೆಗಷ್ಟೇ ಸಾಲುವಷ್ಟಿದ್ದವು. ಉಳಿದ ದಿನವೆಲ್ಲ ಅವಳು ಖಾಲಿ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿದಳು.

ಆಯ್ಕೆಯ ದಿನ ಮಧ್ಯಾಹ್ನ ಸಿಂಚನಾಳ ಫೋನು ಬಂತು. ಚನ್ನವೀರಯ್ಯ ಸ್ಪೀಕರ್ ಹಾಕಿಸಿಕೊಂಡು ಬಲಗಿವಿಗೆ ಒತ್ತಿಕೊಂಡರು.

"ಆಗ್ಲಿಲ್ಲ ಸರ್. ಐದನೇ ಸುತ್ತಲ್ಲಿ ಶಬ್ದ ಏನೋ ಬೇರೆ ಥರ ಅನ್ನಿಸ್ತು. ಕೈ ಇಳಿಸ್ಬಿಟ್ಟೆ. ಆಫೀಸರ್ ಬಂದು ನೋಡಿದ್ರು, ಪಿಸ್ತೂಲಲ್ಲಿ ಏನೂ ತೊಂದ್ರೆ ಇರ್ಲಿಲ್ಲ. ಉಳಿದ ಗುಂಡಿಗೆಲ್ಲ ಸೊನ್ನೆ ಕೊಟ್ರು." ಅವಳು ಅಳುತ್ತಿದ್ದಳೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. "ಹಾರಿಸ್ಬಿಡಬೇಕಿತ್ತಾ ಸರ್?"

"ಬೇಡ ಕಣವ್ವ. ಅನುಮಾನ ಬಂದ್ಮೇಲೆ ಬೇಡ."

"ಇನ್ಮೇಲೆ ಪ್ರತಿ ಸಲ ಹಿಂಗೇ ಅನ್ನಿಸಿದ್ರೆ?"

ಕರಿಬಸಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

"ಸೋಮವಾರ ಬಾ" ಎಂದರು ಚನ್ನವೀರಯ್ಯ. "ಸ್ಕೂಲು ಮುಗಿಸ್ಕೊಂಡು ಬಾ. ಉಳಿದಿರೋ ಒಳ್ಳೆ ರೌಂಡಲ್ಲಿ ಒಂದೊಂದೇ ಗುಂಡು ಹಾರ್ಸೋಣ. ಪ್ರತಿ ಗುಂಡಾದ್ಮೇಲೂ ನಳಿಗೆ ನೋಡೋಣ, ಎಷ್ಟು ಹೊತ್ತಾದ್ರೂ ಆಗ್ಲಿ."

ಆಚೆಯಿಂದ ಏನೋ ಮಾತು ಬಂತು. ಅವರಿಗೆ ಸರಿಯಾಗಿ ಕೇಳಲಿಲ್ಲ. ಮೊದಲಾಗಿದ್ದರೆ ಹ್ಞೂ ಅಂದುಬಿಡುತ್ತಿದ್ದರು.

"ಏನಂದೆ ತಾಯಿ? ಇನ್ನೊಂದು ಸಲ ಹೇಳು."

"ಬರ್ತೀನಿ ಅಂದೆ ಸರ್" ಎಂದಳು ಸಿಂಚನಾ, ಗಟ್ಟಿಯಾಗಿ.